ಮೋಡಿ ಯಾದಿಯಲ್ಲಿ ಉಳಿದ ಒಂದು ಸಾಲು

ಪುರಸಭೆಗೆ ಹೊಸದಾಗಿ ಕಾರಕೂನರಾಗಿ ಸೇರಿದವರು ಈಗಲೂ ಒಮ್ಮೊಮ್ಮೆ ಬೆಟಗೇರಿಯ ನನ್ನ ಮನೆಗೆ ಬರುತ್ತಾರೆ. ಬಡ್ತಿ ಹೇಗೆ ಸಿಗುತ್ತದೆ, ಇಲಾಖೆಯ ಪರೀಕ್ಷೆಗೆ ಏನು ಓದಬೇಕು ಎಂದು ಕೇಳುತ್ತಾರೆ. ಬಡ್ತಿಯ ಮಾತು ನನಗಿಂತ ಚೆನ್ನಾಗಿ ಹೇಳುವವರು ಗದಗಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಚಹಾ ಕೊಟ್ಟು ಒಂದೇ ಮಾತು ಹೇಳಿ ಕಳಿಸುತ್ತೇನೆ: ನಿಮ್ಮ ಕಣ್ಣಿಂದ ಓದದ ಹಾಳೆಯ ಕೆಳಗೆ ‘ತಾಳೆ ನೋಡಿದೆ’ ಎಂದು ಬರೆದು ಸಹಿ ಮಾಡಬೇಡಿ.

“ಅಷ್ಟ ಏನ್ರಿ ಕಾಕಾ?” ಎಂದು ನಗುತ್ತಾರೆ. ಅಷ್ಟೇ. ಆದರೆ ಆ ಎರಡು ಪದ ನನ್ನ ಹೊಟ್ಟೆಯೊಳಗೆ ಎಂಟು ವರ್ಷ ಕೂತಿದ್ದವು. ಅದನ್ನು ನಿಂತ ಕಾಲಲ್ಲಿ ಹೇಳಲಾಗುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಊರು ಆಗ ಒಂದು ಮರಾಠಾ ಸಂಸ್ಥಾನದಲ್ಲಿತ್ತು. ಶಿರಹಟ್ಟಿ, ಲಕ್ಷ್ಮೇಶ್ವರದ ಸೀಮೆಯ ಊರು. ಹೆಸರು ಬರೆಯುವುದಿಲ್ಲ, ಅಂದಿನವರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಬಾಳುತ್ತಿದ್ದಾರೆ. ಪುರಸಭೆಯ ಕಚೇರಿ ಎಂದರೆ ಒಂದು ಮಾಳಿಗೆ ಮನೆ. ಮುಂದಿನ ಖೋಲಿಯಲ್ಲಿ ಮೂರು ಮೇಜು: ಊರೊಳಗೆ ಬರುವ ಸರಕಿನ ಸುಂಕ ಜಕಾತಿಗೊಂದು, ಮನೆಪಟ್ಟಿಗೊಂದು, ದೀಪ-ನೀರಿನ ಕರಕ್ಕೊಂದು. ಪ್ರತಿ ಮೇಜಿಗೂ ಅದರದೇ ಪೆಟ್ಟಿಗೆ, ಅದರದೇ ಕೀಲಿ. ಹಿಂದಿನ ಖೋಲಿಯ ಅಟ್ಟದ ಮೇಲೆ ಕೆಂಪು ರುಮಾಲಿನಲ್ಲಿ ಕಟ್ಟಿಟ್ಟ ಹಳೆಯ ಕಾಗದಪತ್ರಗಳ ದಫ್ತರ. ಅವೆಲ್ಲ ಮೋಡಿಯಲ್ಲಿದ್ದವು. ಮೋಡಿ ಎಂದರೆ ಮರಾಠಿಯನ್ನು ಲೇಖನಿ ಎತ್ತದೆ ಓಟದಲ್ಲಿ ಬರೆಯುವ ಕೂಡು ಲಿಪಿ. ನನಗೆ ಅದರ ಒಂದಕ್ಷರವೂ ಬರುತ್ತಿರಲಿಲ್ಲ.

ಮೋಡಿ ಬಲ್ಲವರು ಒಬ್ಬರೇ, ದಫ್ತರದಾರ ಗೋವಿಂದಪಂತರು. ನನ್ನನ್ನು ಕೆಲಸಕ್ಕೆ ಹಚ್ಚಿದವರೂ ಅವರೇ. ನಾನು ಸೇರಿ ವರ್ಷ ತುಂಬಿರಲಿಲ್ಲ. “ನಿಂದು ಖಾಯಂ ಮಾಡ್ರಿ ಅಂತ ಮ್ಯಾಲೆ ಬರದು ಕಳಿಸೇನಪಾ, ಆಗ್ತದ” ಎಂದಿದ್ದರು. ಆಯಿತೋ ಇಲ್ಲವೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ನನ್ನ ಪಕ್ಕದ ಜಕಾತಿ ಮೇಜು ಮೌಲಾಸಾಬನದು. ನನಗಿಂತ ಎಂಟು ವರ್ಷ ದೊಡ್ಡವನು, ಕೆಲಸದಲ್ಲಿ ಹತ್ತು ವರ್ಷ ಹಳಬ. ನಾನು ಅವನಿಗೆ ಮಾಮಾ ಎನ್ನುತ್ತಿದ್ದೆ, ಅವನು ನಿಂಗಪ್ಪನಾದ ನನ್ನನ್ನು ನಿಂಗ್ಯಾ ಎನ್ನುತ್ತಿದ್ದ. ರಸೀದಿ ಹರಿಯುವುದರಿಂದ ಹಿಡಿದು ಬಂಡಿಯ ಮೇಲಿನ ಹತ್ತಿಯನ್ನು ಕಣ್ಣಳತೆಯಲ್ಲಿ ಅಂದಾಜು ಮಾಡುವುದರ ತನಕ ನನಗೆ ಕಲಿಸಿದವನು ಅವನೇ. ದಿನಾ ನಾಲ್ಕು ಗಂಟೆಗೆ ಒಂದು ಬಸಿ, ಅಂದರೆ ಒಂದು ಸಾಸರಿನಷ್ಟು, ಚಹಾ ತರಿಸುತ್ತಿದ್ದ. ಅರ್ಧ ತಾನು ಕುಡಿದು ಅರ್ಧ ನನ್ನ ಕಡೆ ಸರಿಸುತ್ತಿದ್ದ.

ದೇಶಕ್ಕೆ ಸ್ವಾತಂತ್ರ್ಯ ಬಂದು, ಮರುವರ್ಷ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಹಳೆಯ ದಫ್ತರವೆಲ್ಲ ಕನ್ನಡಕ್ಕೆ ಇಳಿಯಬೇಕು, ಪ್ರತಿ ಹಾಳೆಯ ಕೆಳಗೆ ಮೂಲದೊಂದಿಗೆ ತಾಳೆ ನೋಡಿದವರ ಸಹಿ ಇರಬೇಕು ಎಂದು ಹುಕುಮು ಬಂತು. ನನ್ನ ಅಕ್ಷರ ದುಂಡಗಿದ್ದವು. ಕೆಲಸ ನನಗೇ ಬಿತ್ತು.

ನಕಲಿನ ರೂಢಿ ಹೀಗಿತ್ತು. ಒಬ್ಬ ಓದಬೇಕು, ಇನ್ನೊಬ್ಬ ಬರೆಯಬೇಕು. ಮುಗಿದ ಮೇಲೆ ಕಾಗದ ಅದಲು ಬದಲು ಮಾಡಬೇಕು. ಬರೆದವನು ಮೂಲ ಹಿಡಿಯಬೇಕು, ಓದಿದವನು ನಕಲನ್ನು ಓದಬೇಕು. ಒಬ್ಬನ ಬಾಯಿ ತಪ್ಪಿದರೆ ಇನ್ನೊಬ್ಬನ ಕಣ್ಣು ಹಿಡಿಯುತ್ತದೆ. ಆದರೆ ನಾನು ಮೂಲ ಹಿಡಿದು ಏನು ಮಾಡಲಿ? ಹೀಗಾಗಿ ಎರಡನೆಯ ಸಲವೂ ಮೂಲವನ್ನು ಪಂತರೇ ಹಿಡಿದು ಓದುತ್ತಿದ್ದರು, ನಾನು ನಕಲಿನ ಮೇಲೆ ಬೆರಳಾಡಿಸುತ್ತಿದ್ದೆ. ಎರಡೂ ಸಲ ಬಾಯಿ ಒಂದೇ. ಸಹಿ ಮಾತ್ರ ನನ್ನದು.

ನೌಕರರ ಯಾದಿಯ, ಅಂದರೆ ಪಟ್ಟಿಯ, ಸರದಿ ಬಂದಾಗ ಮಧ್ಯಾಹ್ನವಾಗಿತ್ತು. ಅದು ಅಗಲವಾದ ಪುಸ್ತಕ. ಎಡಗಡೆ ಹಾಳೆಯಲ್ಲಿ ಹೆಸರು, ಹುದ್ದೆ. ಬಲಗಡೆ ಹಾಳೆಯಲ್ಲಿ ನೇಮಕದ ಬಗೆ, ಖಾಯಂ ಅಥವಾ ಹಂಗಾಮಿ. ಪಂತರು ಎಡಗಡೆಯನ್ನೆಲ್ಲ ಮೇಲಿಂದ ಕೆಳಗೆ ಓದಿ, ತಪಕೀರು ಏರಿಸಿ, ಮೂಗು ಒರೆಸಿಕೊಂಡು, ಆಮೇಲೆ ಬಲಗಡೆಯನ್ನು ಓದಿದರು.

“ಖಾಯಂ. ಖಾಯಂ. ಹಂಗಾಮಿ. ಖಾಯಂ. ಹಂಗಾಮಿ...”

ಮೊದಲನೆಯದು ಪಂತರಿಗೆ, ಎರಡನೆಯದು ಖಜಾಂಚಿಗೆ. ಮೂರನೆಯ ಹೆಸರು ಮೌಲಾಸಾಬ, ಅವನ ಮುಂದೆ ಹಂಗಾಮಿ ಎಂದು ಬರೆದೆ. ಬರೆಯುವಾಗ ಕೈ ಒಂದು ಕ್ಷಣ ನಿಂತಿತು. ಹತ್ತು ವರ್ಷ ದುಡಿದವನು ಹಂಗಾಮಿಯೇ? ನಾಲ್ಕನೆಯ ಹೆಸರು ನನ್ನದು. ಖಾಯಂ. ಮೇಲಿನಿಂದ ಹುಕುಮು ಬಂದಿದೆ ಎಂದು ಎದೆ ಹಿಗ್ಗಿತು. ಹಿಗ್ಗಿದ ಎದೆಯಲ್ಲಿ ಮಾಮಾನ ವಿಚಾರಕ್ಕೆ ಜಾಗ ಉಳಿಯಲಿಲ್ಲ.

ಆದರೆ ಕೊನೆಗೆ ಬಂದಾಗ ಲೆಕ್ಕ ಕೂಡಲಿಲ್ಲ.

“ಪಂತರ, ಒಂದು ಹಂಗಾಮಿ ಹೆಚ್ಚ ಉಳೀತ್ರಿ.”

“ಎಲ್ಲಿ ಉಳೀತು?”

“ಕೆಳಗ್ರಿ. ಹೆಸರು ಏಳು ಬರದೇನಿ. ನೀವು ಎಂಟು ಸಲ ಅಂದ್ರಿ.”

ಪಂತರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. “ಖಾಲಿ ಜಾಗಾ ಇರಬೇಕೋ. ಯಾರ ಹೆಸರೂ ಇಲ್ಲ ಅಂದಮ್ಯಾಲೆ ಯಾರಿಗೇನು ನುಕಸಾನ? ನಡೀ, ಮುಂದಿನ ಹಾಳಿ ತಗೀ. ಕತ್ತಲಾಗೂದ್ರಾಗ ಹತ್ತು ಹಾಳಿ ಮುಗೀಬೇಕು.”

ನಾನು ‘ತಾಳೆ ನೋಡಿದೆ’ ಎಂದು ಬರೆದು ಸಹಿ ಮಾಡಿದೆ.

ಪಂತರು ಸ್ವಲ್ಪ ದಿನಕ್ಕೆ ಕೆಲಸ ಬಿಟ್ಟು ಸಾಂಗಲಿಯ ಕಡೆ ಮಗನ ಮನೆಗೆ ಹೋದರು. ಎರಡು ವರ್ಷಕ್ಕೆ ಅವರು ತೀರಿಕೊಂಡರೆಂದು ಕಾರ್ಡು ಬಂತು. ನನಗೂ ಮೌಲಾಸಾಬನಿಗೂ ಸಂಬಳ ಒಂದೇ ಇತ್ತು. ಹೀಗಾಗಿ ಆ ಬಲಗಡೆ ಹಾಳೆಯನ್ನು ಯಾರೂ ತೆಗೆದು ನೋಡಲಿಲ್ಲ. ನಾನು ಮಾತ್ರ ಆಗಾಗ ನೆನೆಯುತ್ತಿದ್ದೆ. ಅಟ್ಟದ ಮೇಲೆ ಇಲಿ ಓಡಾಡಿದರೆ, ಆ ಉಳಿದ ಒಂದು ಹಂಗಾಮಿ ಯಾರದೋ ಹೆಸರು ಹುಡುಕಿಕೊಂಡು ತಿರುಗುತ್ತಿದೆ ಎನ್ನಿಸುತ್ತಿತ್ತು.

ಎಂಟು ವರ್ಷ ಹೀಗೇ ಕಳೆಯಿತು. ಕನ್ನಡದ ಜಿಲ್ಲೆಗಳೆಲ್ಲ ಒಂದಾಗುತ್ತವೆ ಎಂಬ ಮಾತು ಗಟ್ಟಿಯಾದ ವರ್ಷ, ನಮ್ಮ ಊರಿಗೆ ಹೊಸ ಕಮಿಟಿ ನೇಮಕವಾಯಿತು. ಚುನಾವಣೆ ಇಲ್ಲ. ಉಪವಿಭಾಗದ ಅಧಿಕಾರಿ ಪ್ರಾಂತ ಸಾಹೇಬರ ಕಚೇರಿಯಿಂದ ಮೂರು ಹೆಸರಿನ ಕಾಗದ ಬಂತು: ಅಧ್ಯಕ್ಷರಾಗಿ ಹತ್ತಿ ವ್ಯಾಪಾರಿ ಮಲ್ಲೇಶಪ್ಪ ಶೆಟ್ಟರು, ಜೊತೆಗೆ ಒಬ್ಬ ವಕೀಲರು, ಒಬ್ಬ ಡಾಕ್ಟರು. ಶೆಟ್ಟರು ತಮ್ಮ ಹತ್ತಿ ಕಾರಖಾನೆಯಿಂದ ತಮ್ಮದೇ ಕುರ್ಚಿಯನ್ನು ಬಂಡಿಯ ಮೇಲೆ ತರಿಸಿದರು. ನೇಮಕದ ಕಮಿಟಿಗಳನ್ನು ನಾನು ಆಮೇಲೂ ಬಹಳ ನೋಡಿದೆ. ಹುಕುಮಿನಿಂದ ಬಂದವರು ಹುಕುಮಿನಿಂದಲೇ ಹೋಗಬೇಕಾದವರು. ಅದಕ್ಕೇ ಅವರ ಕುರ್ಚಿಯ ಕೆಳಗೆ ಯಾವಾಗಲೂ ಒಂದು ಹೆದರಿಕೆ ಇರುತ್ತದೆ. ಅದು ಮೇಲಿಂದ ಹನಿಯುತ್ತ ಹನಿಯುತ್ತ ಸಿಪಾಯಿಯ ತಲೆಯ ಮೇಲೆ ಬಂದು ನಿಲ್ಲುತ್ತದೆ.

ಶೆಟ್ಟರು ಬಂದ ವಾರಕ್ಕೇ ಮೂರು ಮೇಜುಗಳನ್ನು ಒಂದಕ್ಕೊಂದು ಹಚ್ಚಿಸಿದರು. “ಮೂರು ಪೆಟ್ಟಿಗಿ, ಮೂರು ಕೀಲಿ, ಏಳು ಮಂದಿ! ನಮ್ಮ ಕಾರಖಾನಿಯಾಗ ಹಿಂಗ ಮಾಡಿದ್ರ ದಿವಾಳಿ ಏಳ್ತಿದ್ದೆ. ಇನ್ನ ಒಂದ ಹಣಕಾಸು ಖಾತೆ, ಒಂದ ಪೆಟ್ಟಿಗಿ, ನಾಕ ಮಂದಿ. ಖಾಯಂ ಇದ್ದವ್ರು ಉಳೀಲಿ, ಹಂಗಾಮಿ ಮಂದಿಗೆ ರಾಮ್ ರಾಮ್.”

ಮಂಗಳವಾರ ಯಾದಿಯನ್ನು ಹಲಗೆಗೆ ಅಂಟಿಸಿದರು. ತಕರಾರು ಇದ್ದವರು ಸೋಮವಾರದ ಸಭೆಗೆ ಮುಂಚೆ ಅರ್ಜಿ ಕೊಡಬೇಕು. ಮೌಲಾಸಾಬ ಹಲಗೆಯ ಮುಂದೆ ನಿಂತು ಮೊದಲು ನಕ್ಕ.

“ಇದೇನಲೇ ನಿಂಗ್ಯಾ, ನಾ ಹಂಗಾಮಿ, ನೀ ಖಾಯಂ? ನನ್ನ ಗಡ್ಡ ಬೆಳ್ಳಗಾಗಾಕ ಹತ್ತೇತಿ, ನೌಕರಿ ಇನ್ನೂ ಹಸರ ಐತೇನು?”

ಸುತ್ತ ನಿಂತವರು ನಕ್ಕರು. ನಾನು ಒಳಗೆ ಹೋಗಿ ಮೇಜಿಗೆ ಕೂತೆ.

ಮರುದಿನ ಎಲ್ಲರೂ ಊಟಕ್ಕೆ ಹೋದಾಗ ಸಿಪಾಯಿ ಯಲ್ಲಪ್ಪನಿಗೆ ನಿಚ್ಚಣಿಕೆ ಹಿಡಿಯಲು ಹೇಳಿ ಅಟ್ಟ ಹತ್ತಿದೆ. ರುಮಾಲು ಬಿಚ್ಚಿ ಆ ಅಗಲ ಪುಸ್ತಕ ತೆಗೆದೆ. ಓದಲು ಬರದಿದ್ದರೂ ಎಣಿಸಲು ಬರುತ್ತದಲ್ಲ. ಎಡಗಡೆ ಸಾಲುಗಳನ್ನು ಎಣಿಸಿದೆ. ಎಂಟಿದ್ದವು. ಮೂರನೆಯ ಹೆಸರಿನ ಮೇಲೆ ಒಂದು ಗೆರೆ ಎಳೆದಿತ್ತು. ತಟ್ಟನೆ ನೆನಪಾಯಿತು. ನಾನು ಸೇರುವ ಮುಂಚೆ ಪ್ಲೇಗಿನಲ್ಲಿ ಸತ್ತ ಒಬ್ಬ ಕಾರಕೂನನಿದ್ದ, ಅವನ ಹೆಸರು ಅದು. ಸತ್ತವನೆಂದು ಪಂತರು ಆ ಹೆಸರನ್ನು ಓದದೆ ಬಿಟ್ಟಿದ್ದರು. ಆದರೆ ಗೆರೆ ಬಲಗಡೆ ಹಾಳೆಯ ತನಕ ಬಂದಿರಲಿಲ್ಲ. ಅಲ್ಲಿ ಸತ್ತವನ ಹಂಗಾಮಿಯನ್ನು ಅವರು ಓದಿಬಿಟ್ಟಿದ್ದರು.

ಬಲಗಡೆ ಇದ್ದದ್ದು ಎರಡೇ ಬಗೆಯ ಪದ. ಒಂದರ ಬಾಲ ಮೇಲಕ್ಕೆ ಸುತ್ತಿತ್ತು, ಇನ್ನೊಂದರದು ಕೆಳಕ್ಕೆ. ಮೊದಲ ಸಾಲಿನ ಪಂತರದು ಖಾಯಂ ಎಂದು ಗೊತ್ತಿತ್ತು. ಬೆರಳಿಟ್ಟು ಅಡ್ಡಡ್ಡ ನೋಡಿದೆ. ಸತ್ತವನ ಹಂಗಾಮಿ ಮೌಲಾಸಾಬನಿಗೆ ಹೋಗಿತ್ತು. ಮೌಲಾಸಾಬನ ಖಾಯಂ ನನಗೆ ಬಂದಿತ್ತು. ನನ್ನ ಹಂಗಾಮಿ ನನ್ನ ಕೆಳಗಿನವನಿಗೆ ಜಾರಿತ್ತು. ಹೀಗೆ ಒಂದೊಂದೇ ಮೆಟ್ಟಿಲು ಇಳಿದು, ಕೊನೆಯದು ಯಾರಿಗೂ ಇಲ್ಲದೆ ಉಳಿದಿತ್ತು.

“ಏನ್ ಹುಡಕಾಕತ್ತೀರಿ ಸಾಹೇಬರ?” ಎಂದು ಯಲ್ಲಪ್ಪ ಕೆಳಗಿಂದ ಕೂಗಿದ.

“ಏನೂ ಇಲ್ಲ, ಇಲಿ ಕಡದಾವೇನೋ ಅಂತ ನೋಡಿದೆ” ಎಂದೆ. ಇಳಿಯುವಾಗ ಒಂದು ಮೆಟ್ಟಿಲು ತಪ್ಪಿತು.

ಆ ದಿನದಿಂದ ನನಗೆ ಅನ್ನ ಸೇರಲಿಲ್ಲ. ಬಾಯಿ ಬಿಟ್ಟರೆ ನನ್ನ ಕೆಲಸ ಹೋಗುತ್ತದೆ. ಸುಳ್ಳು ಸಹಿ ಮಾಡಿದ್ದಕ್ಕೆ ಕೋರ್ಟಿಗೂ ಎಳೆಯಬಹುದು. ಬಿಡದಿದ್ದರೆ ಮೌಲಾಸಾಬ, ಅವನ ಹೆಂಡತಿ, ನಾಲ್ಕು ಹೆಣ್ಣುಮಕ್ಕಳು ಬೀದಿಗೆ. ಹಿರೇವಡ್ಡಟ್ಟಿಯ ತವರಿನಿಂದ ಬಾಣಂತನ ಮುಗಿಸಿ ಬಂದು ತಿಂಗಳಾಗಿದ್ದ ನನ್ನ ಹೆಂಡತಿ ಗಂಗವ್ವ ತಾಟಿನ ಕಡೆ ನೋಡಿದಳು.

“ರೊಟ್ಟಿ ಮುರದ ಹಂಗ ಇಟ್ಟೀರಲ್ಲ, ಏನಾಗೇತಿ?”

“ಏನಿಲ್ಲ.”

“ಏನಿಲ್ಲ ಅನ್ನಾವ್ರ ಮಾರಿ ಹಿಂಗ ಇರಂಗಿಲ್ಲ. ಹೇಳಾಕ ಆಗದಿದ್ರ ಬ್ಯಾಡ, ಉಣ್ರಿ.”

ಶುಕ್ರವಾರ ಸಂಜೆ ಮೌಲಾಸಾಬ ಮನೆಗೇ ಬಂದ. ನನಗೆ ಎಲ್ಲಾ ಗೊತ್ತಾಗಿದೆ ಎಂಬುದು ಅವನಿಗೆ ಗೊತ್ತಾಗಿಬಿಟ್ಟಿದೆ ಎಂದೇ ತಿಳಿದೆ. ಅವನು ಕೂಸಿನ ಕೈಯಲ್ಲಿ ಒಂದು ಪುಡಿಕೆ ಪೇಢೆ ಇಟ್ಟ. ಕಂಬಳಿಯ ಮೇಲೆ ಕೂತು ಬಗಲಿನಿಂದ ಒಂದು ಬಿಳಿ ಹಾಳೆ ತೆಗೆದ.

“ಅರ್ಜಿ ಬರಕೊಡಲೇ. ನನ್ನ ಅಕ್ಷರ ನೋಡಿದ್ರ ಶೆಟ್ರು ಓದೂದಿಲ್ಲ. ನಿನ್ನವು ಮುತ್ತಿನಂಥವು. ನಾ ಹೇಳ್ತೀನಿ, ನೀ ಬರಿ.”

ಅವನು ಹೇಳಿದ, ನಾನು ಬರೆದೆ. ‘ಅರ್ಜಿದಾರನು ಸಂಸ್ಥಾನದ ಕಾಲದಿಂದಲೂ ಖಾಯಂ ನೌಕರನಿದ್ದು...’ ಅವನ ಬಾಯಿಂದ ಬಂದದ್ದೆಲ್ಲ ಸತ್ಯ. ಅದು ಸತ್ಯವೆಂದು ಬಲ್ಲ ಕೈ ನನ್ನದು. ಎರಡು ಸಲ ಲೇಖನಿ ಕೆಳಗಿಟ್ಟೆ. ಎರಡು ಸಲವೂ, “ಯಾಕಲೇ, ಮಸಿ ತೀರಿತೇನು?” ಎಂದು ಅವನೇ ದೌತಿ ಸರಿಸಿದ. ಹೊರಡುವಾಗ ಹೊಸ್ತಿಲಲ್ಲಿ ನಿಂತು, “ಸಭಾದಾಗ ನೀನ ಓದಬೇಕು ನೋಡು, ಗಟ್ಟಿಯಾಗಿ. ಉಗುಳು ನುಂಗಬ್ಯಾಡ” ಎಂದ.

ಸೋಮವಾರದ ಸಭೆಯಲ್ಲಿ ಅರ್ಜಿಯನ್ನು ನಾನೇ ಓದಿದೆ. ಮೌಲಾಸಾಬ ಬಾಗಿಲ ಹತ್ತಿರ ಟೊಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ. ವಕೀಲರು ನಕಲು ಯಾದಿಯನ್ನು ತಮ್ಮ ಕಡೆ ಎಳೆದುಕೊಂಡರು.

“ಇದರಾಗ ಹಂಗಾಮಿ ಅಂತ ಐತಲ್ಲ. ಮೂಲ ಎಲ್ಲೈತಿ?”

“ಮೋಡಿಯಾಗ ಐತ್ರಿ. ಓದವ್ರು ಊರಾಗ ಯಾರೂ ಇಲ್ರಿ.”

“ತಾಳೆ ನೋಡಿದವ್ರು ಯಾರು?”

“ನಾನ ರಿ.”

“ಬರೋಬರಿ ಐತಿಲ್ಲೋ?”

ಹೇಳಬೇಕೆಂದು ಬಾಯಿ ತೆರೆದೆ. ಶೆಟ್ಟರ ಕೈಯ ಉಂಗುರ ಮೇಜಿನ ಮೇಲೆ ಟಕ್ ಟಕ್ ಎನ್ನುತ್ತಿತ್ತು.

“ಐತ್ರಿ” ಎಂದೆ.

ಮೌಲಾಸಾಬ ಟೊಪಿಗೆ ತಲೆಗಿಟ್ಟುಕೊಂಡು ಹೊರಗೆ ಹೋದ. ಸಂಜೆ ಜಕಾತಿಯ ಪೆಟ್ಟಿಗೆಯ ಕೀಲಿಯನ್ನು ನನ್ನ ಮುಂದೆ ಇಟ್ಟ. “ನೀ ಏನ ಮಾಡ್ತಿ ಬಿಡು, ಕಾಗದ ಹಂಗ ಹೇಳತೈತಿ” ಎಂದು ನನಗೇ ಸಮಾಧಾನ ಹೇಳಿದ.

ಮೂರು ದಿನ ತಡೆದೆ. ನಾಲ್ಕನೆಯ ದಿನ ಬೆಳಿಗ್ಗೆ ಶೆಟ್ಟರ ಮನೆಗೆ ಹೋಗಿ, ನಿಂತುಕೊಂಡೇ ಎಲ್ಲಾ ಹೇಳಿದೆ. ಅವರು ಹಲ್ಲುಪುಡಿ ಉಗುಳಿ ಬಾಯಿ ತೊಳೆದುಕೊಂಡರು.

“ಠರಾವು ಪ್ರಾಂತ ಸಾಹೇಬರಿಗೆ ಹೋಗೇತಿ. ಇನ್ನ ನಾಕ ತಿಂಗಳಿಗೆ ಹೊಸಾ ರಾಜ್ಯ ಬರತೈತಿ, ಕಮಿಟಿ ಇಡತಾರೋ ತಗೀತಾರೋ ಗೊತ್ತಿಲ್ಲ. ಇಂಥಾ ಹೊತ್ತಿನ್ಯಾಗ ಮೊದಲನೇ ಠರಾವನ ತಪ್ಪು ಅಂತ ಬರದು ಕಳಿಸ್ಲೇನು? ನಿನ್ನ ನೌಕರೀನೂ ಉಳದೈತಿ, ನನ್ನ ಮರ್ಯಾದೀನೂ ಉಳದೈತಿ. ಬಾಯಿ ಮುಚ್ಚಿಗೊಂಡು ಹೋಗು.”

ಅವರ ಕಣ್ಣಲ್ಲಿ ಕಂಡದ್ದು ನನ್ನದೇ ಹೆದರಿಕೆ. ಅದನ್ನು ಇನ್ನೊಬ್ಬರ ಮುಖದಲ್ಲಿ ನೋಡಿದಾಗ ಅದು ಎಷ್ಟು ಹೊಲಸಾಗಿರುತ್ತದೆ ಎಂದು ತಿಳಿಯಿತು. ಮನೆಗೆ ಬಂದು ಪ್ರಾಂತ ಸಾಹೇಬರಿಗೆ ನೇರವಾಗಿ ಕಾಗದ ಬರೆದೆ: ಮೋಡಿ ನನಗೆ ಬರುವುದಿಲ್ಲ, ತಾಳೆ ನೋಡದೆ ಸಹಿ ಮಾಡಿದ್ದೇನೆ, ಸಾಲು ಜಾರಿದೆ, ಮೋಡಿ ಬಲ್ಲವರನ್ನು ಕಳಿಸಿ ನೋಡಿಸಬೇಕು. ಬರೆದದ್ದನ್ನು ಗಂಗವ್ವನಿಗೆ ಓದಿ ಹೇಳಿದೆ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೇಳಿದಳು. “ಹಾಕಿಬಿಡ್ರಿ ಟಪಾಲಿಗೆ. ಇನ್ನ ಮ್ಯಾಲರ ಉಣ್ತೀರಿ” ಎಂದಳು.

ಕಾಗದ ಹಾಕಿದ ವಾರವೇ ಮುಂಡರಗಿ ಸಂತೆಗೆ ಹೋದೆ. ಮೌಲಾಸಾಬ ಅಣ್ಣನ ಬಳೆ ಅಂಗಡಿಯಲ್ಲಿ ಕೂಡುತ್ತಿದ್ದಾನೆಂದು ಕೇಳಿದ್ದೆ. ನನ್ನನ್ನು ಕಂಡು ಮುಖ ಅರಳಿಸಿ, “ಬಾರಲೇ, ಗಂಗವ್ವಗ ಬಳಿ ಒಯ್ಯಿ” ಎಂದ. ನಾನು ಕೂಡಲಿಲ್ಲ. ಹೇಳಬೇಕಾದ್ದನ್ನೆಲ್ಲ ಹೇಳಿದೆ. ಅವನ ಬೆರಳಲ್ಲಿ ಹಸಿರು ಬಳೆಯ ಒಂದು ಸರ ಇತ್ತು. ಬಹಳ ಹೊತ್ತು ಅದನ್ನೇ ತಿರುಗಿಸುತ್ತಿದ್ದ.

“ಅರ್ಜಿ ಬರಿಯೂ ದಿನ ಗೊತ್ತಿತ್ತೇನು?”

“ಗೊತ್ತಿತ್ತು ಮಾಮಾ.”

ಬಳೆಗಳನ್ನು ಕೋಲಿಗೆ ಏರಿಸಿದ. “ನಡೀರಿ ನಿಂಗಪ್ಪನವರ. ಗಿರಾಕಿ ಬಂದಾರ” ಎಂದ.

ಹಂಗಾಮಿ, ಖಾಯಂ ಯಾವುದೂ ನನ್ನನ್ನು ಅಷ್ಟು ಚುಚ್ಚಿರಲಿಲ್ಲ, ಆ ‘ಅವರ’ ಚುಚ್ಚಿತು.

ಆಮೇಲೆ ಕಾಯುವ ಕೆಲಸ. ಯಲ್ಲಪ್ಪ ಟಪಾಲಿನ ಚೀಲ ಹಿಡಿದು ಬಂದರೆ ನಾನೇ ಎದ್ದು ಹೋಗಿ ಬಿಚ್ಚುತ್ತಿದ್ದೆ. ಖಾಕಿ ಲಕೋಟೆ ಕಂಡರೆ ಮೊದಲು ಅದರ ವಿಳಾಸ ಓದುತ್ತಿದ್ದೆ. ಒಮ್ಮೆ ಗದಗಿಗೆ ಹೋಗುವಾಗ ಮಾಗಡಿ ಕೆರೆಯ ಹತ್ತಿರ ಬಸ್ಸು ಕೆಟ್ಟು ನಿಂತಿತು. ಹತ್ತಿದ್ದವರೆಲ್ಲ ಇಳಿದು, ಕೆರೆಯ ಹಕ್ಕಿಗಳನ್ನು ನೋಡುತ್ತಿದ್ದರು. ಹಿಂದೆ ಒಂದು ಜೀಪು ಬಂದು ನಿಂತಿತು. ನನ್ನನ್ನು ಹಿಡಿಯಲು ಬಂದ ಪೊಲೀಸರದು ಎಂದೇ ತಿಳಿದು ಬಸ್ಸಿನ ಮರೆಗೆ ಸರಿದೆ. ಇಳಿದವರು ಯಾರೋ ಗುತ್ತಿಗೆದಾರರು. ನನ್ನ ಸ್ಥಿತಿ ಅಲ್ಲಿಗೆ ಬಂದಿತ್ತು.

ನವೆಂಬರ್ ಒಂದರಂದು ಊರಲ್ಲಿ ತೋರಣ ಕಟ್ಟಿದರು, ಶಾಲೆಯ ಮಕ್ಕಳಿಗೆ ಬುಂದಿ ಹಂಚಿದರು. ಕನ್ನಡಿಗರೆಲ್ಲ ಒಂದಾದರು ಎಂದು ಶೆಟ್ಟರು ಭಾಷಣ ಮಾಡಿದರು. ನಾನು ಹಿಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟುತ್ತ, ಹಳೆಯ ಫೈಲುಗಳೆಲ್ಲ ಈಗ ಯಾರ ಮೇಜಿಗೆ ಹೋಗುತ್ತವೆಯೋ ಎಂದು ನೆನೆಯುತ್ತಿದ್ದೆ. ಮೌಲಾಸಾಬ ಬಂದಿರಲಿಲ್ಲ.

ಮಾರನೆಯ ವರ್ಷ ಬೇಸಿಗೆಗೆ ನನ್ನ ಕಾಗದ ಹಿಡಿದು ಲೆಕ್ಕ ತನಿಖೆಯ ಸಾಹೇಬರೊಬ್ಬರು ಬಂದರು, ಕೂದಲು ಬೆಳ್ಳಗಾದ ಮುದುಕರು. ಅವರಿಗೆ ಮೋಡಿ ಬರುತ್ತಿತ್ತು. ಅಟ್ಟದ ಪುಸ್ತಕ ಇಳಿಸಿ, ಎಡಗಡೆಯಿಂದ ಬಲಗಡೆಗೆ ಅಳತೆಪಟ್ಟಿ ಇಟ್ಟು ಅಡ್ಡಡ್ಡ ಓದಿದರು. ಓದಿ ಮುಗಿಸಲು ಐದು ನಿಮಿಷ ಹಿಡಿಯಲಿಲ್ಲ. ನಾನು ಎದುರಿಗೆ ನಿಂತಿದ್ದೆ.

“ಒಂದ ಹೆಚ್ಚಿಗೆ ಉಳದಾಗ ನಿಮಗ ಏನೂ ಅನ್ನಸಲಿಲ್ಲೇನು?” ಎಂದು ಕೇಳಿದರು.

“ಅನ್ನಿಸಿತ್ತು ಸಾಹೇಬರ” ಎಂದೆ. ಅವರು ಅದನ್ನೂ ಬರೆದುಕೊಂಡರು.

ಮೌಲಾಸಾಬನಿಗೆ ಅವನ ಜಾಗ ತಿರುಗಿ ಸಿಕ್ಕಿತು. ನನ್ನನ್ನು ಮನೆಗೆ ಕಳಿಸಲಿಲ್ಲ, ಕೋರ್ಟಿಗೂ ಎಳೆಯಲಿಲ್ಲ. ಊರ ಹೊರಗಿನ ಜಕಾತಿ ವಸೂಲಿಯ ನಾಕಾಕ್ಕೆ ಹಂಗಾಮಿಯಾಗಿ ಹಾಕಿದರು, ಸೇವಾ ಪುಸ್ತಕದಲ್ಲಿ ಕೆಂಪು ಮಸಿಯ ಒಂದು ಟಿಪ್ಪಣಿ ಬಿತ್ತು. ಶೆಟ್ಟರ ಕುರ್ಚಿ ಮಾತ್ರ ಬಂಡಿಯ ಮೇಲೆ ಬಂದ ಹಾಗೇ ಬಂಡಿಯ ಮೇಲೆ ತಿರುಗಿ ಹೋಯಿತು. ಕೆಲವು ವರ್ಷಗಳ ಮೇಲೆ ನಾನು ಮತ್ತೆ ಹಣಕಾಸು ಖಾತೆಗೆ ಬಂದೆ, ಮೌಲಾಸಾಬನ ಕೈಕೆಳಗೆ.

ವರ್ಷದ ಕೊನೆಗೆ ಯಾದಿಗಳ ನಕಲು ಬಂದಾಗ, “ನಿಂಗಪ್ಪನವರು ಬರೀಲಿ, ನಾ ಓದ್ತೀನಿ” ಎಂದು ಅವನೇ ಹೇಳಿದ. ಅವನು ಓದುವುದು, ನಾನು ಬರೆಯುವುದು. ಆಮೇಲೆ ಕಾಗದ ಅದಲು ಬದಲು. ನಾನು ಮೂಲ ಹಿಡಿಯುವುದು, ಅವನು ನಕಲು ಓದುವುದು. ಎಷ್ಟು ವರ್ಷ ಹೀಗೆ ಎದುರು ಬದುರು ಕೂತೆವೋ! ಯಾದಿಯ ಮಾತು ಬಿಟ್ಟು ಇನ್ನೊಂದು ಮಾತು ಅವನ ಬಾಯಿಂದ ಬರಲಿಲ್ಲ. ನಾಲ್ಕು ಗಂಟೆಗೆ ಬಸಿ ಚಹಾ ಬರುತ್ತಿತ್ತು. ಪೂರ್ತಿ ಅವನೇ ಕುಡಿಯುತ್ತಿದ್ದ.

ಅವನು ನಿವೃತ್ತನಾದ ದಿನವೂ ಒಂದು ಯಾದಿ ಬಾಕಿ ಇತ್ತು. ಹಾರ ಹಾಕಿಸಿಕೊಂಡು, ಅದನ್ನು ಕುರ್ಚಿಯ ಬೆನ್ನಿಗೆ ತೂಗುಹಾಕಿ, ಕನ್ನಡಕ ಏರಿಸಿ ಕೂತ. ಕೊನೆಯ ಹೆಸರಿನ ತನಕ ಓದಿದ. ಅದಲು ಬದಲು ಮಾಡಿ ಮತ್ತೊಮ್ಮೆ ಓದಿದ. ನಾನು ಸಹಿ ಮಾಡಲು ಲೇಖನಿ ಅದ್ದಿದೆ. ಅವನ ಕೈ ಅಡ್ಡ ಬಂತು.

“ಕೆಳಗ ಒಂದರ ಹೆಚ್ಚ ಉಳದೈತೇನಲೇ, ನಿಂಗ್ಯಾ?”

ಎಷ್ಟೋ ವರ್ಷದ ಮೇಲೆ ಕೇಳಿದ ಆ ‘ಲೇ’ಗೆ ಅಕ್ಷರಗಳು ಕಣ್ಣಲ್ಲಿ ಕಲಸಿಹೋದವು. ಆದರೂ ಬೆರಳಿಟ್ಟು ಮೇಲಿಂದ ಎಣಿಸಿದೆ, ಮೊದಲು ಎಡಗಡೆ, ಆಮೇಲೆ ಬಲಗಡೆ. ಮತ್ತೊಮ್ಮೆ ಎಣಿಸಿದೆ.

“ಇಲ್ಲ ಮಾಮಾ. ಒಂದೂ ಉಳದಿಲ್ಲ.”

“ಹಂಗಾರ ಹಾಕು ಸಹಿ” ಎಂದು, ಬಸಿಯಲ್ಲಿದ್ದ ಅರ್ಧ ಚಹಾವನ್ನು ನನ್ನ ಕಡೆ ಸರಿಸಿದ.